ರೊಟ್ಟಿಗೊಂದು ವಾಕ್ಯ

ತಪ್ ತಪ್ ತಪ್, ಒಳಗೆ ಸೊಸೆ ಸುಷ್ಮಿತಾ ರೊಟ್ಟಿ ಬಡಿಯುತ್ತಿದ್ದಾಳೆ, ಕೈ ಚುರುಕೇ, ಆದರೆ ಬಾಯಿಲ್ಲದ ಬಡಿತ ಇದು ಅನಿಸುತ್ತದೆ ಉಚ್ಚೆಂಗಪ್ಪನಿಗೆ, ಹೆಂಡತಿ ಹೊಳೆಮ್ಮನ ಬಡಿತಕ್ಕೆ ಬಾಯಿತ್ತು, ರೊಟ್ಟಿಗೊಂದು ವಾಕ್ಯ, ಉಂಡೆ ಹಿಡಿಯುವಾಗ ಶುರುವಾಗಿ ಹಂಚಿಗೆ ಹಾಕುವಷ್ಟರಲ್ಲಿ ಮುಗಿಯಬೇಕು — ಅಕ್ಷರ ಬಾರದ ಹೆಂಗಸು, ಯಶವಂತನಗರದ ಸಭೆಯಲ್ಲಿ ಪಾಸ್ಟರು ಬೈಬಲಿನಿಂದ ಓದಿದ್ದನ್ನು ಸೆರಗಿನಲ್ಲಿ ಗಂಟು ಹಾಕಿ ತಂದವಳಂತೆ ತಂದು, ಬೆಳಿಗ್ಗೆ ಒಲೆಯ ಮುಂದೆ ಬಿಚ್ಚುತ್ತಿದ್ದಳು, ಎದಿಯಾಗ ಇಟ್ಕಬೇಕು, ಇಲ್ಲಾಂದ್ರ ಗಾಳಿಗೆ ಹೋಗ್ತಾವ, ಅನ್ನುವಳು, ಎದಿಯಾಗ ಆಮ್ಯಾಲ ಇಟ್ಕಳುವಂತಿ, ಮೊದ್ಲು ಹಂಚಿನ ಮ್ಯಾಲಿಂದು ಸೀಯಾಕತ್ತೈತಿ ನೋಡು, ಅಂತ ತಾಟಿನ ಮುಂದೆ ಕೂತ ಇವನು, ರೊಟ್ಟಿ ನುಂಗ್ತಿ, ವಾಕ್ಯ ನುಂಗಾಕ ಏನ್ ಧಾಡಿ ನಿನಗ, ಅಂತ ಮತ್ತೆ ಅವಳು, ಬಿಸಿ ರೊಟ್ಟಿ ತಾಟಿಗೆ ಬಂದು ಬೀಳುತ್ತದೆ, ಜೋಳದ ಹಬೆ, ಒಲೆಯ ಹೊಗೆ, ಕಿಟಕಿಯಾಚೆ ಸಂಡೂರಿನ ಕೆಂಪು ಗುಡ್ಡ, ಆಗಿನ್ನೂ ಇಡಿಯಾಗಿದ್ದ ಗುಡ್ಡ —

ಅದೇ ಕಿಟಕಿಯ ಕೆಳಗೆ ಈಗ ಅವಳ ಮಂಚ, ಲಕ್ವ ಹೊಡೆದ ಬಲಗೈ ಯಾರದೋ ಎನ್ನುವಂತೆ ಪಕ್ಕದಲ್ಲಿ ಬಿದ್ದಿದೆ, ಮಾತು ಹೋಗಿದೆ, ಇನ್ನ ಮನಿಗೆ ಕರಕೊಂಡು ಹೋಗ್ರಿ ಅಂದುಬಿಟ್ಟರು ಹೊಸಪೇಟೆಯ ಡಾಕ್ಟರು, ಲಕ್ವ ಹೊಡೆದ ಬೆಳಿಗ್ಗೆ ಕುರುಬನ ವಾಕ್ಯ ನಡೆದಿತ್ತು, ಕುರಿ ಕಾಯುವ ದೇವರು, ಹಸಿರು ಮೇವು, ತಣ್ಣನೆ ನೀರು, ಆಮೇಲೆ ಕತ್ತಲ ಕಣಿವೆ, ಕಣಿವೆ ಅನ್ನುವಷ್ಟರಲ್ಲಿ ಎತ್ತಿದ ಅಂಗೈ ಎತ್ತಿದ ಹಾಗೇ ನಿಂತಿತು, ಹಿಟ್ಟು ಮೆತ್ತಿದ ಬಿಳಿ ಅಂಗೈ, ಕೆಳಗೆ ಅರ್ಧ ಬಡಿದ ರೊಟ್ಟಿ, ಮುಂದಿನ ಮಾತು ಬರಲೇ ಇಲ್ಲ, ಅಂದಿನಿಂದ ಇವಳು ಆ ಕಣಿವೆಯಲ್ಲೇ ನಿಂತಿದ್ದಾಳೋ ಏನೋ, ಒಬ್ಬಳೇ — ಈಗ ಎಡಗೈಯಿಂದ ಅವನ ಅಂಗೈಯನ್ನು ಮೆಲ್ಲಗೆ ಬಡಿಯುತ್ತಾಳೆ, ತಪ್ ತಪ್, ಎತ್ತುತ್ತಾಳೆ, ನಿಲ್ಲಿಸುತ್ತಾಳೆ, ಅವನ ಬಾಯಿಯನ್ನೇ ನೋಡುತ್ತಾಳೆ, ಮಧ್ಯಾಹ್ನ ಪಾಸ್ಟರು ಬಂದು ಇಡೀ ವಾಕ್ಯ ಓದಿದರೂ ಅತ್ತ ತಿರುಗಲಿಲ್ಲ, ಅಜ್ಜಾರ, ಅಕಿ ನಿಮ್ ಬಾಯಿಂದ ಕೇಳಾಕತ್ತಾಳ, ಹೇಳ್ರಿ, ಅಂದರು ಪಾಸ್ಟರು, ನಾ ಹೆಂಗ ಹೇಳ್ಲಿ ಸ್ವಾಮಿ, ಉಚ್ಚೆಂಗೆಮ್ಮಗ ಕಾಯಿ ಒಡ್ಯಾಂವ ನಾನು, ನಿಮ್ಮ ದೀಕ್ಷಾಸ್ನಾನ ತಗೊಂಡಾಂವಲ್ಲ, ನಂಬದ ಬಾಯಿಲೆ ಹೇಳಿದ್ರ ಸಾಯಾಕಿ ಕಿವ್ಯಾಗ ಸುಳ್ಳು ಹಾಕಿದಂಗ ಆಗಂಗಿಲ್ಲೇನು, ಅಂದಿದ್ದ ಇವನು, ಸಾಯಾಕಿ ಅಂದುಬಿಟ್ಟಿದ್ದ, ಅವಳು ಕೇಳಿಸಿಕೊಂಡಳು, ಕಣ್ಣು ಮಾತ್ರ ಕದಲಲಿಲ್ಲ —

ರಕ್ಷಣೆ, ರಕ್ಷಣೆ ಅಂತಿದ್ದಳು, ಏನೋ ಅದು, ಅವನಿಗೆ ಗೊತ್ತಿದ್ದದ್ದು ಒಂದೇ, ಗಣಿಯಲ್ಲಿ ಮಣ್ಣು ಕುಸಿದು ಕುತ್ತಿಗೆಮಟ್ಟ ಹೂತುಹೋದಾಗ ಕೆಂಪು ಧೂಳಿನೊಳಗಿಂದ ಬಂದ ಒಂದು ಕೈ, ನಂಬಿಕೆ ಐತೋ ಇಲ್ಲೋ ಅಂತ ಕೇಳದೆ ಎಳೆದ ಕೈ, ಅಡಿಯಿಂದ ಮುಡಿಯವರೆಗೆ ಕೆಂಪಾಗಿ ಮನೆಗೆ ಬಂದರೆ ಒಲೆ ಬಿಟ್ಟು ಓಡಿಬಂದು ಎದೆ ಮುಟ್ಟಿ ನೋಡಿದ್ದಳು, ಉಸಿರೈತಲ್ಲ, ಉಸಿರೈತಲ್ಲ, ಕೆಂಪು ಅಂಗಿಯ ಮೇಲೆ ಬಿಳಿ ಅಂಗೈ ಮೂಡಿತ್ತು, ನಿನ್ ದೇವ್ರಲ್ಲಲೇ, ಎಳದಾಂವ ನಮ್ ಜೊತಿ ಕೆಲ್ಸದ ಜಂಬುನಾಥ, ಅಂದರೆ ನಕ್ಕಿದ್ದಳು, ಜಂಬುನಾಥಗ ಕೈ ಕೊಟ್ಟಾಂವ ಯಾರು — ಮಾವಾ, ರೊಟ್ಟಿ ಆದ್ವು, ಬರ್ರಿ, ಒಳಗಿಂದ ಸುಷ್ಮಿತಾ ಕರೆಯುತ್ತಾಳೆ, ಬಡಿತ ನಿಂತಿದೆ, ಇಲ್ಲಿ ಮಾತ್ರ ತಪ್ ತಪ್, ಅವನ ಅಂಗೈ ಮೇಲೆ, ಕುರುಬ, ಅಂದುಬಿಟ್ಟ, ಯಾವಾಗ ಅಂದನೋ, ಹಸಿರು ಮೇವು, ತಪ್ ತಪ್, ತಣ್ಣನೆ ನೀರು, ಒಂದೊಂದೇ ಬರುತ್ತಿವೆ, ಸೀದ ಜೋಳದ ವಾಸನೆ ಹೊತ್ತು ಬರುತ್ತಿವೆ, ಇವನ್ನು ತಾನು ಎಲ್ಲೂ ಇಟ್ಟುಕೊಂಡವನಲ್ಲ, ಬರೀ ಉಂಡವನು, ಕತ್ತಲ ಕಣಿವೆ, ಅವಳ ಕೈ ಮೇಲೆದ್ದಿತು, ನಿಂತಿತು, ಅಲ್ಲೇ ನಿಂತಿದೆ, ಇನ್ನು ನಂಬಿ ಹೇಳಲು ಹೊತ್ತಿಲ್ಲ, ಹೂತುಹೋದವನು ಕೈ ಹಿಡಿಯುವ ಹಾಗೆ ಹಿಡಿದು ಹೇಳಬೇಕು, ಅಂಜಂಗಿಲ್ಲ, ಅಂದ, ಅಂಜಂಗಿಲ್ಲ, ನೀ ಜೊತಿಗದಿ — ಕೈ ಇಳಿಯಿತು, ಅವನ ಅಂಗೈ ಮೇಲಲ್ಲ, ಎದೆಯ ಮೇಲೆ, ಬಡಿಯಲಿಲ್ಲ, ಸುಮ್ಮನೆ ಕೂತಿತು, ಹಿಟ್ಟಿಲ್ಲ, ಧೂಳಿಲ್ಲ, ಆದರೂ ಬಿಳಿ, ಕೆಂಪು ಅಂಗಿಯ ಮೇಲೆ ಬಿಳಿ ಅಂಗೈ, ಬಿಳಿ ಅಂಗೈ