ಕಾರ್ಡಿನೊಳಗಿನ ರುಮಾಲು

ದಂಡೋತಿಯಲ್ಲಿ ಮದುವೆಯ ಆಲ್ಬಮ್ ಕೊಡಲು ಹೋದರೆ ಮನೆಯ ಹಿರಿಯರು ತಾಟಿನಲ್ಲಿ ತೆಂಗಿನಕಾಯಿ, ಎಲೆ-ಅಡಿಕೆ ಇಟ್ಟುಕೊಂಡು ಕಾಯುತ್ತಿರುತ್ತಾರೆ. ಕಾಯಿಯನ್ನು ಫೋಟೊದವರಾದ ನಾವು ಎತ್ತಿಕೊಳ್ಳಬೇಕು. ಅದು ಇದ್ದ ಜಾಗದಲ್ಲಿ ನೆಗೆಟಿವ್ ಇಡಬೇಕು. ಎಷ್ಟೋ ವರ್ಷಗಳ ಹಿಂದೆ ಯಾವುದೋ ಸ್ಟುಡಿಯೊದವನು ಆ ಊರಿನ ಮದುಮಗಳ ಫೋಟೊ ದೊಡ್ಡದು ಮಾಡಿ ಅಂಗಡಿಯ ಗಾಜಿನೊಳಗೆ ತೂಗುಹಾಕಿದ್ದನಂತೆ. ಅಂದಿನಿಂದ ಊರವರು ನೆಗೆಟಿವನ್ನು ಹೊರಗೆ ಬಿಡುವುದಿಲ್ಲ.

ನಾನು ಬಿ.ಎ. ಮುಗಿಸಿ ಚಿತ್ತಾಪುರದಲ್ಲಿ ಸ್ಟುಡಿಯೊ ತೆರೆದಾಗ ರೀಲಿನ ಕೊನೆಯ ದಿನಗಳು. ಡಿಜಿಟಲ್ ಕ್ಯಾಮೆರಾ ಕೊಂಡ ಮೇಲೆ ಮೊದಲ ಆಲ್ಬಮ್ ಒಯ್ದಾಗ ಇದರಲ್ಲಿ ನೆಗೆಟಿವ್ ಇರುವುದಿಲ್ಲ, ಎಲ್ಲ ಈ ಮೆಮೊರಿ ಕಾರ್ಡಿನಲ್ಲೇ ಇರುತ್ತದೆ ಎಂದು ಬಿಡಿಸಿ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು. ಆಮೇಲೆ ತಾಟು ಮುಂದೆ ಚಾಚಿ, "ಹಂಗಾರ ಅದನ್ನ ಇಡು" ಅಂದರು.

ಹೀಗೆ ದಂಡೋತಿಯ ಮನೆಮನೆಯ ಟ್ರಂಕಿನಲ್ಲಿ ಬಂಗಾರದ ಪಕ್ಕ, ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಒಂದೊಂದು ಕಾರ್ಡು ಸೇರಿಕೊಂಡಿತು. ಒಂದನ್ನೂ ಯಾರೂ ತೆರೆದು ನೋಡಿದವರಲ್ಲ. ನೋಡುವ ಯಂತ್ರ ಯಾರ ಬಳಿಯೂ ಇರಲಿಲ್ಲ, ಅದಕ್ಕೆ ಯಾರೂ ಬೇಸರಪಡಲೂ ಇಲ್ಲ. ಯಾವ ಬೀಗರು ಮೊದಲು ಉಂಡರು, ಯಾರ ಸೀರೆ ಅಗ್ಗದ್ದಿತ್ತು ಎಂದು ಜಗಳ ಎದ್ದರೆ ಒಬ್ಬರು "ಕಾರ್ಡ್‌ದಾಗ ಅದ" ಅನ್ನುವರು. ಅಲ್ಲಿಗೆ ಮಾತು ನಿಲ್ಲುವುದು. ನಿಂತ ಮಾತು ಎಲ್ಲಿಗೆ ಹೋಗುತ್ತದೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಬಹುಶಃ ಅದೂ ಟ್ರಂಕಿಗೇ ಹೋಗುತ್ತದೆ.

ಕಳೆದ ಬೇಸಿಗೆಯಲ್ಲಿ ದಂಡೋತಿಯ ಮಹಾದೇವಮ್ಮ ಅಂಥದೊಂದು ಗಂಟು ಹಿಡಿದುಕೊಂಡು ನನ್ನ ಸ್ಟುಡಿಯೊಕ್ಕೆ ಬಂದರು. ಹದಿನೇಳು ವರ್ಷದ ಹಿಂದೆ ಅವರ ಮಗಳ ಮದುವೆಗೆ ಫೋಟೊ ತೆಗೆದವನು ನಾನೇ.

"ನಾಮದೇವಾ, ಇದನ್ನ ತಗದು ತೋರಸಪ್ಪ. ಎಂಟ ದಿನ ಉಳದಾವ."

"ಯಾವುದಕ್ಕ ಯವ್ವ?"

ಅವರು ಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದು ಮೇಜಿನ ಮೇಲಿಟ್ಟರು. ಚಿಂಚೋಳಿಯಲ್ಲಿರುವ ಅವರ ತಮ್ಮ ದೇವಾನಂದನ ಮಗಳ ಮದುವೆ. ಮೇಲೆ ಪೆನ್ನಿನಲ್ಲಿ ಬರೆದಿತ್ತು: ಅಕ್ಕ ಮಹಾದೇವಮ್ಮ. ಅಷ್ಟೇ. ಗಂಡ ಹಣಮಪ್ಪನ ಹೆಸರು ಇರಲಿಲ್ಲ.

ಸಂಗತಿ ನನಗೆ ಗೊತ್ತಿತ್ತು, ಆ ಊರಿಗೆಲ್ಲ ಗೊತ್ತಿತ್ತು. ಮದುವೆಯಲ್ಲಿ ಮದುಮಗಳ ಸೋದರಮಾವನಿಗೆ ಹುಡುಗಿಯ ಅಪ್ಪ ತನ್ನ ಕೈಯಾರೆ ತಲೆಗೆ ರುಮಾಲು ಸುತ್ತಬೇಕು. ಹಣಮಪ್ಪ ಸುತ್ತಿದೆ ಅನ್ನುತ್ತಾರೆ. ದೇವಾನಂದ ಸುತ್ತಲಿಲ್ಲ ಅನ್ನುತ್ತಾನೆ. ಆಲ್ಬಮ್ಮಿನಲ್ಲಿ ಇರುವುದು ಒಂದೇ ಫೋಟೊ: ಹಣಮಪ್ಪ ಗುಲಾಬಿ ಬಣ್ಣದ ರುಮಾಲನ್ನು ಭಾವಮೈದುನನ ತಲೆಗೆ ತಾಗಿಸಿ ಹಿಡಿದಿದ್ದಾರೆ, ಇಬ್ಬರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. "ನೋಡು, ಸುತ್ತಾಕತ್ತೀನಿ" ಎಂದು ಇವರು. "ನೋಡು, ಬರೇ ಹಿಡದಾನ" ಎಂದು ಅವನು. ಮುಂದಿನ ಫೋಟೊ ಕಾರ್ಡಿನಲ್ಲಿದೆ ಎಂದು ಇಬ್ಬರೂ. ಆ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಹದಿನೇಳು ವರ್ಷ ಒಮ್ಮತವಿತ್ತು. ಒಬ್ಬರ ಹೊಸ್ತಿಲು ಒಬ್ಬರು ತುಳಿದಿರಲಿಲ್ಲ.

"ನಿಮ್ಮವರು ಏನಂತಾರ?"

"ಕಾರ್ಡ್ ತಗಸು, ಸುತ್ತಿದ್ದು ಅವಗ ತೋರಸು, ಅವ ತಪ್ಪಾತು ಅನ್ಲಿ, ಆಮ್ಯಾಲ ಬರ್ತೀನಿ ಅಂತಾರ. ನಾ ಸ್ವಾದರತ್ತಿ. ಆ ಹುಡುಗಿಗಿ ಆರತಿ ಮಾಡಾಕಿ. ಗಂಡನ್ನ ಬಿಟ್ಟು ಒಬ್ಬಾಕಿ ಹ್ಯಾಂಗ ಹೋಗಿ ನಿಂದರ್ಲಿ?"

ಗಂಟು ಬಿಚ್ಚಿದೆ. ಉಗುರಿಗಿಂತ ಸ್ವಲ್ಪ ದೊಡ್ಡದಾದ ಎಕ್ಸ್‌ಡಿ ಕಾರ್ಡು. ಆ ಕಾರ್ಡು ಹಾಕುವ ಕ್ಯಾಮೆರಾವನ್ನು ನಾನು ಮಾರಿ ಹದಿಮೂರು ವರ್ಷವಾಗಿತ್ತು. ಈಗಿನ ಯಾವ ಯಂತ್ರದಲ್ಲೂ ಅದಕ್ಕೆ ಜಾಗವಿಲ್ಲ. ಆನ್‌ಲೈನಿನಲ್ಲಿ ಒಂದು ರೀಡರ್ ಕಂಡಿತು. ಬರಲು ಹನ್ನೆರಡು ದಿನ.

ಮರುದಿನ ಶಹಾಬಾದಿನಲ್ಲಿ ಸುತ್ತಲ ಐದೂರುಗಳ ಛಾಯಾಗ್ರಾಹಕರ ಸಂಘದ ಸಭೆಯಿತ್ತು. ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ವೇದಿಕೆಯ ಹಿಂದೆ ಬ್ಯಾನರ್ ಕಟ್ಟಿದ್ದರು: 'ನಾಳೆಯ ಕಾರ್ಡ್ ಯಾವುದು?'

ಸಂಘದ ಅಧ್ಯಕ್ಷರು ಸೇಡಂನ ಗುರುಲಿಂಗಯ್ಯ. ಸಿಎಫ್‌ಎಕ್ಸ್‌ಪ್ರೆಸ್ ಎಂಬ ಹೊಸ ಕಾರ್ಡಿನ ಬಿ ಜಾತಿಯೇ ಮುಂದಿನ ಮೂವತ್ತು ವರ್ಷ ಆಳುತ್ತದೆ ಎಂದು ಅವರು ಮುಕ್ಕಾಲು ತಾಸು ಮಾತಾಡಿದರು. ವಾಡಿಯ ಮಶಾಕ ಎದ್ದು ನಿಂತು, ಆಳುವುದು ಎ ಜಾತಿ ಅಂದ. ಎರಡಕ್ಕೂ ಹೆಸರು ಒಂದೇ, ಮನೆತನ ಒಂದೇ, ಒಂದು ಇನ್ನೊಂದರ ಮನೆಯೊಳಗೆ ಹೋಗುವುದಿಲ್ಲ. ಹಿಂದಿನ ಸಾಲಿನ ಹಳಬರು ತಮ್ಮ ಎಸ್‌ಡಿ ಕಾರ್ಡಿಗೆ ಏನೂ ಆಗುವುದಿಲ್ಲ ಎಂದು ಕೂಗಿದರು.

"ನಿಮ್ಮ ಕಾರ್ಡ್ ಭಾಳ ಬಿಸಿ ಆಗ್ತದ ಅಧ್ಯಕ್ಷರ, ಚಹಾ ಇಟ್ಟರ ಕುದೀತದ" ಅಂದ ಮಶಾಕ.

"ನಿಮ್ಮದು ತಣ್ಣಗ ಅದ, ಖರೆ. ಅಂಗಡಿಯೊಳಗ ಸಿಗಂಗಿಲ್ಲ ನೋಡ್ರಿ, ಅದಕ್ಕ."

"ಇಬ್ಬರೂ ಸುಮ್ಮ ಕುಂದ್ರಿ" ಎಂದು ಹಿಂದಿನಿಂದ ಯಾರೋ ಅಂದರು, "ಫೋಟೊನ ಶಾಬಾದ ಪರ್ಸಿ ಕಲ್ಲಿನ ಮ್ಯಾಲ ಕೆತ್ತಸ್ರಿ. ಯಾವ ರೀಡರೂ ಬ್ಯಾಡ."

ಕೊನೆಗೆ ಮತಕ್ಕೆ ಹಾಕಿದರು. ಮೂರು ಪಾಲಾಯಿತು. ಭವಿಷ್ಯವನ್ನು ಸಂಘವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತದೆ ಎಂಬ ಠರಾವನ್ನು ಸರ್ವಾನುಮತದಿಂದ ಪಾಸು ಮಾಡಿ ಊಟಕ್ಕೆ ಎದ್ದರು.

ಊಟದ ಸಾಲಿನಲ್ಲಿ ನಾನು ಕಾರ್ಡನ್ನು ತೆಗೆದೆ. ಅದು ಕೈಯಿಂದ ಕೈಗೆ ಹೋಯಿತು. ಕೆಲವರು ಕನ್ನಡಕ ಹಾಕಿಕೊಂಡರು, ಒಬ್ಬ ಮೂಸಿ ನೋಡಿದ. ಗುರುಲಿಂಗಯ್ಯನವರು ಬೆರಳ ತುದಿಯಲ್ಲಿ ಹಿಡಿದು, "ಇದು ಸತ್ತದ್ದು ರೀ. ಶುಭ ಕಾರ್ಯದಾಗ ಯಾಕ ತಂದೀರಿ?" ಅಂದರು.

ಎರಡು ಸಾವಿರದ ಏಳರಲ್ಲಿ ಇದೇ ಸಂಘದ ಸಭೆಯಲ್ಲಿ ಇದೇ ಗುರುಲಿಂಗಯ್ಯ, ಇನ್ನು ಮುಂದೆ ಎಕ್ಸ್‌ಡಿ ಬಿಟ್ಟರೆ ಬೇರೆ ಗತಿಯಿಲ್ಲ ಅಂದಿದ್ದರು. ಅದನ್ನು ಕೇಳಿಯೇ ನಾನು ಆ ಕ್ಯಾಮೆರಾ ಕೊಂಡದ್ದು. ನೆನಪಿಸಬೇಕೆಂದುಕೊಂಡೆ. ಅವರ ತಟ್ಟೆಗೆ ಆಗ ತಾನೇ ಹೋಳಿಗೆ ಬಿದ್ದಿತ್ತು. ಕಾರ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.

ಕೈ ತೊಳೆಯುವಾಗ ಮಶಾಕ ಪಕ್ಕಕ್ಕೆ ಬಂದ. "ನಮ್ಮಲ್ಲಿ ಹಳೇ ಪ್ರಿಂಟಿಂಗ್ ಮಶೀನ್ ಒಂದದ ಭಾಯಿ. ಅದರ ಮಾರಿಗಿ ಕಾರ್ಡ್ ಹಾಕೂ ಬಾಯಿ ಎಂಟೊಂಬತ್ತು. ಒಂದು ಬಾಯಿಯಾದ್ರೂ ಇದನ್ನ ನುಂಗ್ತದ. ಮುದುಕಿನ್ನ ಕರ್ಕೊಂಡು ಬಾ."

"ಸಭಾದಾಗ ಯಾಕ ಹೇಳ್ಲಿಲ್ಲ?"

"ಭವಿಷ್ಯದ ಮ್ಯಾಲ ಭಾಷಣ ಮಾಡಾಂವ ಮನ್ಯಾಗ ಹಳೇ ಸಾಮಾನ ಇಟ್ಟಾನ ಅಂತ ಹೆಂಗ ಹೇಳ್ಲಿ?"

ಎರಡು ದಿನ ಬಿಟ್ಟು ಮಹಾದೇವಮ್ಮನವರೊಂದಿಗೆ ವಾಡಿಗೆ ಹೋದೆ. ಮಶಾಕನ ಅಂಗಡಿಯ ಹಿಂದಿನ ಕೋಣೆಯಲ್ಲಿ ಆ ಯಂತ್ರಕ್ಕೆ ಹಳೆಯ ಚಾದರ ಹೊದಿಸಿ, ಮೇಲೆ ಉಪ್ಪಿನಕಾಯಿಯ ಭರಣಿ ಇಟ್ಟಿದ್ದರು. ಮಶಾಕ ಭರಣಿ ಇಳಿಸಿ, ವಾಡಿಯ ಸಿಮೆಂಟ್ ಕಾರ್ಖಾನೆಯ ಧೂಳು ಒರೆಸಿ, ಕಾರ್ಡನ್ನು ಒಂದೊಂದೇ ಬಾಯಿಗೆ ಹಿಡಿದು ನೋಡಿದ. ಐದನೆಯದು ಒಳಗೆ ಎಳೆದುಕೊಂಡಿತು. ಬಹಳ ಹೊತ್ತು ಏನೂ ಆಗಲಿಲ್ಲ. ಸ್ಟೇಷನ್ನಿನಲ್ಲಿ ಗಾಡಿಯೊಂದು ಬಂದು, ನಿಂತು, ಹೋಯಿತು. ಆಮೇಲೆ ಪರದೆಯ ಮೇಲೆ ಮದುವೆಯ ಹಂದರ ಮೂಡಿತು.

ನೂರಾ ಹದಿಮೂರನೆಯದು ಆಲ್ಬಮ್ಮಿನ ಫೋಟೊ. ನೂರಾ ಹದಿನಾಲ್ಕೂ ಅದೇ; ಹದಿಮೂರರಲ್ಲಿ ಯಾರದೋ ಕಣ್ಣು ಮುಚ್ಚಿತ್ತೇನೋ ಎಂದು ನಾನು ಇನ್ನೊಮ್ಮೆ ನಿಲ್ಲಿಸಿದ್ದೆ. ಮಶಾಕ ಮುಂದಿನದನ್ನು ಒತ್ತಿದ.

ನೂರಾ ಹದಿನೈದರಲ್ಲಿ ರುಮಾಲು ಮಡಿಕೆ ಬಿಚ್ಚದೆ ತಾಟಿನಲ್ಲಿತ್ತು. ಹಣಮಪ್ಪ ಆ ಕಡೆ ತಿರುಗಿ ಯಾರಿಗೋ ಕೈಮುಗಿಯುತ್ತಿದ್ದರು. ದೇವಾನಂದ ಬರಿದಲೆಯಲ್ಲಿ ಇನ್ನೂ ಅಲ್ಲೇ ಕುಳಿತು ನೇರ ನನ್ನನ್ನು ನೋಡುತ್ತಿದ್ದ. ನೂರಾ ಹದಿನಾರರಲ್ಲಿ ಆ ಕುರ್ಚಿಯ ಮೇಲೆ ಬೇರೆ ಯಾರೋ ಇದ್ದರು.

ಫೋಟೊದಲ್ಲಿ ಧ್ವನಿ ಇರುವುದಿಲ್ಲ. ಆದರೂ ನನಗೆ ನನ್ನ ಧ್ವನಿ ಕೇಳಿಸಿತು. ರುಮಾಲು ತಲೆಗೆ ತಾಗಿದಾಗ, ತಡೀರಿ, ಈ ಕಡೆ ನೋಡ್ರಿ ಅಂದಿದ್ದೆ. ಇನ್ನೊಮ್ಮೆ ಅಂದಿದ್ದೆ. ಕೊನೆಗೆ ಆತು, ಇಳೀರಿ ಅಂದಿದ್ದೆ. ನಮ್ಮ ಕಡೆ ಮಂಟಪದಲ್ಲಿ ಸ್ವಾಮಿಗಳು ಮಂತ್ರ ಮುಗಿಸಿದರೂ ಯಾರೂ ಏಳುವುದಿಲ್ಲ. ಫೋಟೊದವನು ಆತು ಅಂದರೆ ಏಳುತ್ತಾರೆ. ಹಣಮಪ್ಪ ಫೋಟೊ ಆಯಿತೆಂದರೆ ಸುತ್ತಿದಂತೆಯೇ ಎಂದು ತಿಳಿದು ರುಮಾಲನ್ನು ತಾಟಿನಲ್ಲಿ ಇಟ್ಟರು. ದೇವಾನಂದ ಅವಮಾನವಾಯಿತೆಂದು ತಿಳಿದು ಇಳಿದು ಹೋದ. ನಾನು ಮುಂದಿನವರನ್ನು ಕರೆದೆ.

ಮಶಾಕ ನನ್ನ ಮುಖ ನೋಡಿದ. ಬಾಗಿಲ ಬಳಿ ಕುಳಿತಿದ್ದ ಮುದುಕಿಗೆ ಕೇಳಿಸದಂತೆ, "ಕಾರ್ಡ್ ಸತ್ತದ ಅಂತ ಹೇಳಿಬಿಡು. ಅಧ್ಯಕ್ಷರು ಹೇಳ್ಯಾರಲ್ಲ" ಅಂದ.

ಅದು ಕಷ್ಟವೇನಿರಲಿಲ್ಲ. ಬಾಯಿಂದ ಕಾರ್ಡು ಎಳೆದುಕೊಂಡರೆ ಸಾಕು, ಮತ್ತೆ ಅದು ಅರಿಶಿನದ ಬಟ್ಟೆಗೆ ಹೋಗುತ್ತಿತ್ತು. ಆದರೆ ಅಷ್ಟರಲ್ಲಿ ಮಹಾದೇವಮ್ಮ ಪರದೆಯ ಹತ್ತಿರ ಬಂದು, ತಮ್ಮನ ಬರಿದಲೆಯ ಮೇಲೆ ಬೆರಳಿಟ್ಟು ನಿಂತಿದ್ದರು.

"ಇವ ಇನ್ನಾ ಕುಂತಾನಲ್ಲ" ಅಂದರು. "ಇವಗ ಇಳಿ ಅಂದವ್ರು ಯಾರು?"

"ನಾನ ಯವ್ವ."

ಅವರು ತಿರುಗಲಿಲ್ಲ. ಬೈಯಲಿ ಎಂದು ನಾನು ಕಾದೆ. ಅವರು ಸೆರಗಿನಿಂದ ಪರದೆಯ ಮೇಲಿನ ತಮ್ಮ ಬೆರಳಿನ ಗುರುತು ಒರೆಸಿದರು.

"ಇದನ್ನ ನಮ್ಮವರ ಮುಂದ ನೀನ ಹೇಳಬೇಕು. ಹೆಂಡ್ತಿ ಹೇಳಿದ್ದು ಅವರ ಕಿವಿಗಿ ಹೋಗಂಗಿಲ್ಲ."

ಅಂದೇ ದಂಡೋತಿಗೆ ಹೋಗಿ ಹೇಳಿದೆ. ಹಣಮಪ್ಪ ಕಟ್ಟೆಯ ಮೇಲೆ ಕುಳಿತು ಕೊನೆಯವರೆಗೂ ಕೇಳಿದರು. "ನಾ ಸುತ್ತಿದ್ದು ನನ್ನ ಕೈಗಿ ನೆನಪ ಅದಲ್ಲೋ" ಅಂದು ಅಂಗೈ ನೋಡಿಕೊಂಡರು. ಆಮೇಲೆ ಒಳಗೆ ಹೋದರು; ಟ್ರಂಕು ತೆರೆದ ಸದ್ದು ಕೇಳಿಸಿತು. ಆ ರುಮಾಲು ಅಲ್ಲೇ ಇತ್ತು. ದೇವಾನಂದ ಅದನ್ನು ಸಿಟ್ಟಿನಿಂದ ಬಿಚ್ಚಿ ಬಿಟ್ಟುಹೋದನೆಂದು ಅಷ್ಟು ವರ್ಷ ಅವರು ತಿಳಿದಿದ್ದರು.

ಚಿಂಚೋಳಿಯ ಮದುವೆಗೆ ನನ್ನನ್ನೂ ಕರೆದೊಯ್ದರು, ಸಾಕ್ಷಿಗೆಂದು. ಕ್ಯಾಮೆರಾ ತರಬಾರದು ಎಂದು ಮಹಾದೇವಮ್ಮ ಮೊದಲೇ ಹೇಳಿದ್ದರು. ಅಲ್ಲಿ ಫೋಟೊ ಹಿಡಿಯುತ್ತಿದ್ದವರು ಗುರುಲಿಂಗಯ್ಯ, ಬಿ ಜಾತಿಯ ಕಾರ್ಡಿನೊಂದಿಗೆ. ಅಳಿಯನ ಕಡೆಯವರು ಗೊತ್ತುಮಾಡಿದ್ದರಂತೆ.

ಅಂಗಳದಲ್ಲಿ ಅಕ್ಕ, ಅವನು ಮಾವ ಎನ್ನುವ ಹಣಮಪ್ಪ ನಿಂತಿದ್ದನ್ನು ಕಂಡು ದೇವಾನಂದ ಬಾಗಿಲಲ್ಲೇ ತಡೆದು ನಿಂತ. ತಲೆ ಪೂರ ನರೆತಿತ್ತು. ನಾನು ಮುಂದೆ ಹೋಗಿ, ಕೈಮುಗಿದು, ಆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಅವನು ನನ್ನನ್ನು ಆ ಫೋಟೊದಲ್ಲಿ ನೋಡಿದಂತೆಯೇ ನೋಡಿದ.

"ಹದಿನೇಳು ವರ್ಷ ಮಾವಗ ಬೈದೀನಿ. ಬೈಯೂದು ನಿಮಗ ಇತ್ತು ಹಂಗಾರ" ಅಂದ.

"ಹೌದ್ರಿ."

"ಕುಂದ್ರೋ" ಅಂದರು ಹಣಮಪ್ಪ.

ದೇವಾನಂದ ಕುಳಿತ. ಹಣಮಪ್ಪ ಮಡಿಕೆ ಬಿಚ್ಚಿ ರುಮಾಲನ್ನು ಅವನ ತಲೆಗೆ ತಾಗಿಸಿದರು. ಅಷ್ಟರಲ್ಲಿ ಗುರುಲಿಂಗಯ್ಯ ಜನರನ್ನು ಸರಿಸಿ ಓಡಿ ಬಂದರು. "ತಡೀರಿ, ತಡೀರಿ. ಹಂಗ ಹಿಡೀರಿ. ಇಬ್ಬರೂ ಈ ಕಡೆ ನೋಡ್ರಿ."

ಹಣಮಪ್ಪನ ಕೈ ನಿಂತಿತು. ಮುಖ ತಾನಾಗಿ ಆ ಕಡೆ ತಿರುಗಿ ನಗಲು ಶುರುಮಾಡಿತ್ತು.

"ಮದಲ ಸುತ್ತು" ಅಂದರು ಮಹಾದೇವಮ್ಮ. ಗಂಡನಿಗೆ ಅವರು ಏಕವಚನ ಬಳಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೇಳಿ, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಮಧ್ಯದಲ್ಲಿ ನಿಂತುಬಿಟ್ಟರು.

ಒಂದು ಸುತ್ತು, ಎರಡು, ಐದು. ಹಣಮಪ್ಪನಿಗೆ ಸುತ್ತಲು ಬರುತ್ತಿರಲಿಲ್ಲ, ಸೆರಗಿನಂತೆ ಒಂದು ತುದಿ ಕಿವಿಯ ಮೇಲೆ ಇಳಿಬಿದ್ದಿತ್ತು. ಗುರುಲಿಂಗಯ್ಯನವರಿಗೆ ಮಹಾದೇವಮ್ಮನ ಬೆನ್ನಿನ ಹನ್ನೆರಡು ಫೋಟೊ ಸಿಕ್ಕವು.

ಆಮೇಲೆ ಅವರು ನನ್ನ ಹತ್ತಿರ ಬಂದು, "ನೀವು ಮೊಬೈಲ್‌ದಾಗರ ತಗದಿರೇನು?" ಎಂದು ಕೇಳಿದರು.

"ಇಲ್ರಿ."

"ಮತ್ತ ನಾಳಿಗಿ ಸುತ್ತಿಲ್ಲ ಅಂದ್ರ?"

ಸೋದರತ್ತೆಯ ಆರತಿ ಮುಗಿಯಿತು, ಅಕ್ಷತೆ ಬಿತ್ತು, ಪಂಕ್ತಿ ಕುಳಿತಿತು. ನಾವು ಬಸ್ಸಿಗೆ ಹೊರಟಾಗ ಮಧ್ಯಾಹ್ನ ಇಳಿದಿತ್ತು. ಬೀಳ್ಕೊಡಲು ಬಂದ ದೇವಾನಂದ ಆ ಸೆಕೆಯಲ್ಲಿ ಹಣೆಯಿಂದ ಕುತ್ತಿಗೆಯವರೆಗೆ ಬೆವರುತ್ತಿದ್ದ. ರುಮಾಲು ಬಿಚ್ಚಿರಲಿಲ್ಲ.