ಏಳನೆಯ ತಾರೀಕು

ಆ ಆಗಸ್ಟ್ ತಿಂಗಳಲ್ಲಿ ನಾನು ಹದಿನೆಂಟು ದಿನದ ಬಾಣಂತಿ. ಹಿರೋಶಿಮಾದಿಂದ ನದಿಯ ಗುಂಟ ಮೇಲಕ್ಕೆ ಮೂರು ಗಂಟೆ ನಡೆದರೆ ನಮ್ಮ ಹಳ್ಳಿ. ಬಾಂಬು ಬಿದ್ದರೆ ಬೆಂಕಿ ಹರಡಬಾರದೆಂದು ಪಟ್ಟಣದ ನಡುವೆ ಸಾಲುಸಾಲು ಮನೆಗಳನ್ನು ಕೆಡವುತ್ತಿದ್ದರು. ಆ ಕೆಲಸಕ್ಕೆ ಮನೆಗೊಂದು ಆಳು ಬರಬೇಕೆಂದು ಹುಕುಂ ಬಂದಿತ್ತು. ಮನೆಯಳಿಯನಾಗಿ ಬಂದ ನನ್ನ ಗಂಡ ಹಿಂದಿನ ಚಳಿಗಾಲದಲ್ಲಿ ದಕ್ಷಿಣದ ದ್ವೀಪಗಳ ಕಡೆಗೆ ಸೈನ್ಯದ ಹಡಗು ಹತ್ತಿದ್ದ. ಪಟ್ಟಿಯಲ್ಲಿದ್ದದ್ದು ನನ್ನ ಹೆಸರು, ಕಿನುಎ. ಹೋದವಳು ನಮ್ಮಮ್ಮ.

ಆರನೆಯ ತಾರೀಕು ಬೆಳಗ್ಗೆ ಹುಲ್ಲಿನ ಚಪ್ಪಲಿ ಬಿಗಿಯುತ್ತ ಅಮ್ಮ ಅಂದಳು: "ಮಗೂಗೆ ಹಾಲು ಕುಡಿಸೋದೂ ಯುದ್ಧದ ಕೆಲಸಾನೇ ಅಂತೆ. ನೀನು ಅದನ್ನ ಮಾಡು, ನಾನು ಹೋಗಿ ಹಂಚು ಹೊರ್ತೀನಿ."

"ಸೊಂಟ ನೋವು ಅಂತಿದ್ದೆ ನಿನ್ನೆ."

"ಐವತ್ತೆರಡು ವರ್ಷದ ಸೊಂಟ ಕಣೆ, ನೋಯ್ದೆ ಇನ್ನೇನು ಮಾಡುತ್ತೆ?"

ಊರಿನ ನಲವತ್ತಕ್ಕೂ ಹೆಚ್ಚು ಜನ ಒಟ್ಟಿಗೆ ಹೊರಟರು. ಎಂಟು ಗಂಟೆ ದಾಟಿದ ಮೇಲೆ ಬೆಳಕು ಬಂತು, ಆಮೇಲೆ ಕಾಗದದ ಬಾಗಿಲುಗಳು ಚೌಕಟ್ಟಿನಿಂದ ಕಿತ್ತು ಒಳಗೆ ಬಿದ್ದವು. ಸಂಜೆಯ ಹೊತ್ತಿಗೆ ನದಿಯ ದಾರಿಯಲ್ಲಿ ಸುಟ್ಟವರು ನಡೆದು ಬರತೊಡಗಿದರು. ಅವರಲ್ಲಿ ನಮ್ಮ ಊರಿನವರು ಒಬ್ಬರೂ ಇರಲಿಲ್ಲ.

ಮಾರನೆಯ ದಿನ ಊರಿನ ಉಳಿದವರು ಹುಡುಕಲು ಹೊರಟರು. ನಾನು ಎದ್ದು ನಿಂತೆ, ಕಣ್ಣು ಕತ್ತಲೆ ಬಂದು ಕುಸಿದೆ. ಆಗ ತಂಗಿ ಸುಮಿಎಗೆ ನಾನೇ ಹೇಳಿದೆ: "ನೀನು ಹೋಗು. ಅಮ್ಮ ಎಲ್ಲೋ ಬಿದ್ದಿರ್ತಾಳೆ, ನೀರು ನೀರು ಅಂತಿರ್ತಾಳೆ. ಕರ್ಕೊಂಡು ಬಾ."

ಸುಮಿಎಗೆ ಹದಿನೇಳು. ತಡಬಡಿಸಿ ಸುರಾಯಿ ತುಂಬಿಕೊಂಡು ಹೋದಳು. ಮೂರು ದಿನ ಅಲ್ಲೇ ಅಲೆದಳು. ಬೋರಲು ಬಿದ್ದವರನ್ನು ತಿರುಗಿಸಿ ತಿರುಗಿಸಿ ಹಲ್ಲು ನೋಡಿದಳಂತೆ. ಅಮ್ಮನ ಮೇಲಿನ ಎರಡು ಹಲ್ಲಿನ ನಡುವೆ ಸಂದಿತ್ತು. ಸುರಾಯಿ ಖಾಲಿಯಾದ ಮೇಲೆ ಒಡೆದ ಕೊಳಾಯಿಯ ನೀರನ್ನೇ ಕುಡಿದು, ಬೂದಿಯ ಮೇಲೆಯೇ ಮಲಗಿದಳು. ಅಮ್ಮ ಸಿಗಲಿಲ್ಲ.

ಸೆಪ್ಟೆಂಬರಿನಲ್ಲಿ ಅವಳಿಗೆ ಜ್ವರ ಬಂತು, ಒಸಡಿನಿಂದ ರಕ್ತ ಬಂತು, ಬಾಚಣಿಗೆ ತುಂಬ ಕೂದಲು ಬಂತು. ಅವಳ ಜೊತೆ ಹುಡುಕಲು ಹೋದವರಲ್ಲಿ ಇಬ್ಬರು ಆ ತಿಂಗಳೇ ತೀರಿಕೊಂಡರು. ಸುಮಿಎ ಮಾತ್ರ ಎದ್ದು ಕೂತಳು. ಕೂದಲು ಮೊದಲಿಗಿಂತ ದಟ್ಟವಾಗಿ ಬೆಳೆಯಿತು. ನನ್ನ ಗಂಡ ಸತ್ತ ಸುದ್ದಿ ಬಂದ ವರ್ಷ ನನ್ನ ಜೊತೆ ಗದ್ದೆಗೆ ಇಳಿದವಳೂ, ನನ್ನ ಮಗಳು ಚಿಸೆಯನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳೂ ಅವಳೇ.

ಅವಳಿಗೆ ಇಪ್ಪತ್ಮೂರಾದಾಗ ಒಕಾಯಾಮಾ ಕಡೆಯಿಂದ ಒಂದು ಸಂಬಂಧ ಬಂತು. ಜೊಂಡು ಬೆಳೆದು ಚಾಪೆ ನೇಯುವ ಮನೆ. ಹುಡುಗ ಯಾಸುಜಿ, ಅವನ ತಾಯಿ ಒತ್ಸುನೆ, ಮದುವೆಯಾಗದ ಒಬ್ಬ ತಂಗಿ. ಒತ್ಸುನೆ ಹೆಣ್ಣು ನೋಡಲು ತಾನೇ ಬಂದಳು. ಚಹಾ ಮುಟ್ಟುವ ಮೊದಲೇ ಸುಮಿಎಗೆ ಹೇಳಿದಳು: "ಸೆಖೆ ಜಾಸ್ತಿ ಇದೆ, ಬಟ್ಟೆ ತೋಳು ಮೇಲಕ್ಕೆ ಮಡಚ್ಕೊಳಮ್ಮ."

ಸುಮಿಎ ತೋಳು ಮಡಚಿದಳು. ಎಲ್ಲೂ ಒಂದು ಸುಟ್ಟ ಕಲೆಯಿರಲಿಲ್ಲ. ಒತ್ಸುನೆ ಆಮೇಲೆ ನನ್ನ ಕಡೆ ತಿರುಗಿದಳು.

"ಬೇಜಾರು ಮಾಡ್ಕೋಬೇಡಿ, ಕೇಳ್ಲೇಬೇಕು. ಆ ಆರನೇ ತಾರೀಕು ಹುಡುಗಿ ಎಲ್ಲಿದ್ಲು?"

"ಮನೇಲೇ ಇದ್ಲು. ನನ್ನ ಬಾಣಂತನ ಮಾಡ್ತಿದ್ಲು."

ಅದು ನಿಜ. ಸುಮಿಎ ಚಾಪೆಯ ಅಂಚನ್ನೇ ನೋಡುತ್ತ ಕೂತಿದ್ದಳು. ಅವರು ಹೋದ ಮೇಲೆ ಲೋಟ ತೊಳೆಯುತ್ತ ನಕ್ಕಳು. "ಏಳನೇ ತಾರೀಕು ಎಲ್ಲಿದ್ದೆ ಅಂತ ಯಾರೂ ಕೇಳೋದೇ ಇಲ್ಲ ಅಲ್ವಾ ಅಕ್ಕ?"

"ಕೇಳಿದ್ರೂ ಬಾಯಿ ಬಿಡ್ಬೇಡ. ಅಲ್ಲಿಗೆ ಕಾಲಿಟ್ಟೋರನ್ನ ಯಾರೂ ಮನೆ ತುಂಬಿಸ್ಕೊಳಲ್ಲ."

"ಅವರಿಗೂ ಹೇಳ್ಬಾರ್ದಾ? ಕಟ್ಕೊಳೋರಿಗೆ?"

"ಅವರಿಗಂತೂ ಹೇಳ್ಬೇಡ."

ಮದುವೆಯಾಯಿತು. ಯಾಸುಜಿ ಒಳ್ಳೆಯವನು. ನೇಯುವ ಮಗ್ಗದ ಮುಂದೆ ಇಬ್ಬರೂ ಹಾಡಿಕೊಂಡೇ ಕೂತಿರುತ್ತಾರೆಂದು ಅತ್ತೆ ಬೈಯುತ್ತಾಳೆ ಎಂದು ಸುಮಿಎ ಬರೆಯುತ್ತಿದ್ದಳು. ಆ ವರ್ಷವೇ ಎರಡು ಕಾಗದಗಳಲ್ಲಿ ಕೇಳಿದ್ದಳು, ಅವರಿಗೆ ಹೇಳಿಬಿಡಲೇ ಅಂತ. ಎರಡಕ್ಕೂ ನಾನು ಬೇಡವೆಂದು ಬರೆದೆ. ಮೊದಲ ಬಸಿರು ಮೂರು ತಿಂಗಳಿಗೆ ಇಳಿದುಹೋಯಿತು. ಅದಾದ ಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಐವತ್ತನಾಲ್ಕರ ಮೇ ಕೊನೆಯಲ್ಲಿ ಮತ್ತೆ ಕಾಗದ ಬಂತು. ಎರಡನೆಯ ಬಸಿರಿಗೆ ಐದು ತಿಂಗಳು. "ತೊಡೆಯ ಮೇಲೆ ನೇರಳೆ ಬಣ್ಣದ ಕಲೆಗಳು ಎದ್ದಿವೆ ಅಕ್ಕ. ಎಲ್ಲೂ ತಾಗಿಸಿಕೊಂಡಿಲ್ಲ. ಹಲ್ಲುಜ್ಜಿದರೆ ರಕ್ತ ನಿಲ್ಲುವುದಿಲ್ಲ. ಬಸಿರಿನಲ್ಲಿ ರಕ್ತ ಕಡಿಮೆಯಾಗಿದೆ ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಏಳನೆಯ ತಾರೀಕಿನ ವಿಷಯ ಡಾಕ್ಟರಿಗೆ ಹೇಳಲೇ?"

ಓದಿದ ಕೂಡಲೇ ನನಗೆ ಅದು ಏನೆಂದು ಗೊತ್ತಾಯಿತು. ಒಂಬತ್ತು ವರ್ಷದ ಹಿಂದೆ ಆ ಒಸಡನ್ನು ನಾನೇ ಒರೆಸಿದ್ದೆ. ಗೊತ್ತಿದ್ದೂ ಬರೆದೆ: ಮಾತ್ರೆ ತೆಗೆದುಕೋ, ನಾನು ಬರುವ ತನಕ ಏನೂ ಹೇಳಬೇಡ. ನಾಟಿ ಮುಗಿಸಿ ಹೋಗುವುದರೊಳಗೆ ಮೂರು ವಾರ ಕಳೆಯಿತು.

ಹೋದಾಗ ಅವಳು ಒಳಕೋಣೆಯಲ್ಲಿ ಮಲಗಿದ್ದಳು. ಮೂಗಿಗೆ ಹತ್ತಿ ಇಟ್ಟಿದ್ದರು. ನನ್ನನ್ನು ನೋಡಿ ನಗಲು ಹೋದಳು. ಹಲ್ಲೆಲ್ಲ ಕಪ್ಪು ರಕ್ತ ಕಟ್ಟಿತ್ತು.

"ಬಂದ್ಯಾ? ನಾನು ಯಾರಿಗೂ ಹೇಳಿಲ್ಲ ಕಣೆ," ಅಂದಳು.

ವಯಸ್ಸಾದ ಡಾಕ್ಟರು ಬಂದಾಗ ಯಾಸುಜಿಯೂ ಒತ್ಸುನೆಯೂ ಅಲ್ಲೇ ಇದ್ದರು. ನಾನು ನೆಲಕ್ಕೆ ಹಣೆ ಹಚ್ಚಿ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಯುವ ತನಕ ಡಾಕ್ಟರು ಸುಮಿಎಯ ಕೈ ಬಿಡಲಿಲ್ಲ. ಅವಳ ರಕ್ತವನ್ನು ಪಟ್ಟಣದ ಆಸ್ಪತ್ರೆಗೆ ಕಳಿಸಿ ನೋಡಿಸಿದರು. ರಕ್ತದ ಕ್ಯಾನ್ಸರ್ ಅಂದರು.

"ಮೊದಲೇ ಹೇಳಿದ್ರೆ ಉಳಿಸ್ಬೋದಿತ್ತಾ?" ಅಂತ ನಾನು ಹೊರಗೆ ಬಂದು ಕೇಳಿದೆ.

"ಉಳಿಸೋದು ಕಷ್ಟ ಇತ್ತಮ್ಮ. ಬಸಿರು ಬೇಡ ಅಂತಿದ್ದೆ. ಇಷ್ಟು ನೋವು ತಿನ್ನೋದು ತಪ್ತಿತ್ತೇನೋ."

ಒತ್ಸುನೆ ಅಂಗಳದಲ್ಲಿ ಜೊಂಡಿನ ಕಟ್ಟುಗಳ ಪಕ್ಕ ನಿಂತಿದ್ದಳು. "ನಾನು ಬಾಯಿ ಬಿಟ್ಟು ಕೇಳಿದ್ದೆ ನಿಮ್ಮನ್ನ," ಅಂದಳು.

"ಕೇಳಿದ್ರಿ."

"ನೀವು ಹೇಳಿದ್ದಿದ್ರೆ ಈ ಸಂಬಂಧ ನಾನೇ ಬೇಡ ಅಂತಿದ್ದೆ, ಅದೂ ನಿಜ." ಅಷ್ಟು ಹೇಳಿ ಒಳಗೆ ಹೋಗಿ ಸೊಸೆಯ ತುಟಿ ಒರೆಸಿದಳು. ಕೊನೆಯ ತನಕ ಒರೆಸಿದಳು, ಅದನ್ನು ನಾನು ಮರೆಯಬಾರದು.

ಮಗು ಹೊಟ್ಟೆಯಲ್ಲೇ ಹೋಯಿತು. ನಾಲ್ಕು ದಿನದ ಮೇಲೆ, ಜುಲೈನಲ್ಲಿ, ಜೊಂಡು ಕೊಯ್ಯುವ ಹೊತ್ತಿಗೆ ಸುಮಿಎ ಹೋದಳು. ಅವತ್ತು ಬೆಳಗ್ಗೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂತವಳು ನಾನೆಂದು ತಿಳಿಯದೆ, "ಅಕ್ಕ ಊರಿಗೆ ಹೋದ್ಲಾ?" ಅಂತ ಕೇಳಿದಳು. ಇಲ್ಲೇ ಇದ್ದೀನಿ ಅಂದೆ. ಕೇಳಿಸಿತೋ ಇಲ್ಲವೋ.

ಆ ಊರಲ್ಲಿ ಬಾಂಬಿನ ಕಾಯಿಲೆಯ ಹೆಸರು ಹರಡಿದರೆ ಯಾಸುಜಿಯ ತಂಗಿಗೆ ಗಂಡು ಸಿಗದೆ ಹೋಗಬಹುದಿತ್ತು. ಅದಕ್ಕೇ ಬಸಿರು ಕೆಟ್ಟು ಸತ್ತಳೆಂದು ಎಲ್ಲರಿಗೂ ಹೇಳಿದರು. ಸುಳ್ಳು ನನ್ನ ಮನೆಯಿಂದ ಅವರ ಮನೆಗೆ ದಾಟಿತು.

ನಲವತ್ತೊಂಬತ್ತನೆಯ ದಿನದ ಕರ್ಮ ಮುಗಿಸಿ, ಅವಳ ಅಸ್ಥಿಯಲ್ಲಿ ಅರ್ಧವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಯಾಸುಜಿ ಒಬ್ಬನೇ ನಮ್ಮ ಹಳ್ಳಿಗೆ ಬಂದ. ಗಂಟನ್ನು ನನ್ನ ಕೈಗೆ ಕೊಟ್ಟು, ಜಗಲಿಯ ಮೇಲೆ ಕೂತ. ಊಟ ಬೇಡವೆಂದ.

"ನನಗೆ ಹೇಳ್ಬೇಕು ಅಂತ ಅವಳಿಗೆ ಯಾವಾಗಾದ್ರೂ ಅನ್ನಿಸಿತ್ತಾ ಅತ್ತಿಗೆ?"

"ಮದುವೆಯಾದ ವರ್ಷವೇ ಎರಡು ಸಲ ಬರ್ದಿದ್ಲು. ನಾನೇ ಬೇಡ ಅಂದೆ."

"ನಾನು ಬಿಟ್ಬಿಡ್ತೀನಿ ಅಂತ ಅಂದ್ಕೊಂಡಿದ್ಲಾ?"

"ಅವಳಲ್ಲ. ನಾನು ಅಂದ್ಕೊಂಡಿದ್ದೆ."

ಅವನು ತನ್ನ ಅಂಗೈ ನೋಡಿಕೊಂಡ. ಜೊಂಡು ಕುಯ್ದು ಕುಯ್ದು ಚರ್ಮ ಸೀಳಿತ್ತು.

"ಏನು ಮಾಡ್ತಿದ್ನೋ ನಂಗೂ ಗೊತ್ತಿಲ್ಲ," ಅಂದ. "ಬಿಡ್ತಿದ್ನೋ, ಇಟ್ಕೋತಿದ್ನೋ. ಅದನ್ನ ತಿಳ್ಕೊಳೋಕೂ ಆಗ್ಲಿಲ್ಲ ನೋಡಿ."

ಬೈದಿದ್ದರೆ ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ಅವನು ಬೈಯಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ, ಮತ್ತೆ ಬರಲಿಲ್ಲ.

ಗಂಟನ್ನು ಒಳಗಿಟ್ಟು ನಾನು ಗದ್ದೆಗೆ ಹೋದೆ, ಕಳೆ ಹಾಗೇ ಬಿದ್ದಿತ್ತು. ಮೂರು ಸಾಲು ಕಿತ್ತೆ. ನಾಲ್ಕನೆಯ ಸಾಲಿನಲ್ಲಿ ಕೆಸರಿನಲ್ಲೇ ಕೂತುಬಿಟ್ಟೆ, ಏಳಲು ಆಗಲಿಲ್ಲ. ಪಕ್ಕದ ಗದ್ದೆಯಲ್ಲಿದ್ದ ಒಶಿಗೆ ಎಂಬವಳು ನನ್ನನ್ನು ನೋಡಿದಳು. ಆರನೆಯ ತಾರೀಕು ಗಂಡನನ್ನು ಕಳೆದುಕೊಂಡವಳು. ನಮ್ಮ ಊರಿನ ಗದ್ದೆಗಳಲ್ಲಿ ಈಗ ಬರೀ ಹೆಂಗಸರೇ. ಅವಳು ಬದು ದಾಟಿ ಬಂದಳು, ಏನಾಯಿತೆಂದು ಕೇಳಲಿಲ್ಲ. ನನ್ನ ಪಕ್ಕದಿಂದಲೇ ಶುರುಮಾಡಿ ಉಳಿದ ಸಾಲುಗಳ ಕಳೆಯನ್ನು ಕಿತ್ತುಕೊಂಡು ಹೋದಳು.