ಪಕ್ಕಪಕ್ಕದ ಸವಾರಿ

ಬೀಜಿಂಗಿನ ಸೈಕಲ್ ದಾರಿ ಆಗ ಐದಾರು ಮಂದಿ ಪಕ್ಕಪಕ್ಕದಲ್ಲೇ ಹೋಗುವಷ್ಟು ಅಗಲವಿತ್ತು. ನಾನು ಗಡಿಯಾರದ ಕಾರ್ಖಾನೆಗೆ, ಲಾವ್ ಫಾನ್ ಬಾಯ್ಲರ್ ಕಾರ್ಖಾನೆಗೆ. ನಾನು ಗಂಡನನ್ನು ಕಳೆದುಕೊಂಡವಳು, ಅವನು ಹೆಂಡತಿಯನ್ನು. ಸೇತುವೆಯ ಹತ್ತಿರ ಜೊತೆಯಾದರೆ ಕವಲುದಾರಿಯವರೆಗೂ ಬಾಯಿಗೆ ಬಿಡುವಿಲ್ಲ. ಆ ದಾರಿ ಬಿಟ್ಟು ಬೇರೆಲ್ಲೂ ನಾವು ಭೇಟಿಯಾದವರಲ್ಲ. ಅವನ ಮನೆ ಎಲ್ಲೆಂದು ನಾನು ಕೇಳಿದವಳೂ ಅಲ್ಲ. ಎದುರುಗಾಳಿ ಬೀಸಿದರೆ ನನ್ನ ಬೆನ್ನಿಗೆ ಕೈಯಿಟ್ಟು ತಳ್ಳುತ್ತಿದ್ದ. ಸುಳ್ಳೇಕೆ ಹೇಳಲಿ, ಗಾಳಿ ಬೀಸಲೆಂದು ನಾನು ಆಸೆಪಡುತ್ತಿದ್ದೆ.

ಆಮೇಲೆ ಕಾರುಗಳು ಹೆಚ್ಚಾದವು. ನಮ್ಮ ದಾರಿಯ ಮುಕ್ಕಾಲು ಪಾಲು ಅವಕ್ಕೆ ಕೊಟ್ಟು, ನಮಗೊಂದು ಪಟ್ಟಿ ಉಳಿಸಿದರು. ಆದರೂ ಟ್ರಾಫಿಕ್ ಜಾಮೇನೂ ಕರಗಲಿಲ್ಲ. ಸೈಕಲ್ಲಿನವರು ಮಾತ್ರ ಒಬ್ಬರ ಹಿಂದೊಬ್ಬರು ಹೋಗಬೇಕಾಯಿತು. ಬೆನ್ನಿನ ಜೊತೆ ಏನು ಮಾತಾಡುವುದು?

ಪಕ್ಕಪಕ್ಕ ಕೂತು ಹೋಗೋಣವೆಂದು ಫಾನ್ ಹಳೇ ಕಾರೊಂದನ್ನು ತಂದ. ಒಂದು ದಿನ ಹತ್ತಿದೆ. ದಾರಿಯುದ್ದಕ್ಕೂ ಹಾರನ್ ಒತ್ತಿದ, ಮುಂದಿನ ಲಾರಿಯವನನ್ನು ಬೈದ, ಅಷ್ಟೇ.

"ನೀನು ನನ್ನ ಕರ್ಕೊಂಡ್ ಬಂದಿದ್ಯೋ, ಆ ಲಾರಿಯವನನ್ನ ಮಾತಾಡ್ಸೋಕ್ ಬಂದಿದ್ಯೋ?" ಎಂದು ನಡುದಾರಿಯಲ್ಲೇ ಇಳಿದುಬಿಟ್ಟೆ.

ಅವನೂ ಹಟಮಾರಿ. ಮರುದಿನದಿಂದ ಅವನು ಕಾರಿನಲ್ಲಿ ಒಬ್ಬನೇ, ನಾನು ಪಟ್ಟಿಯಲ್ಲಿ ಒಬ್ಬಳೇ. ಚಳಿಗಾಲವೆಲ್ಲ ಹಾಗೇ ಕಳೆಯಿತು. ದಿನಾ ಅವನ ನೆನಪಾಗುತ್ತಿತ್ತು.

ಒಂದು ಬೆಳಿಗ್ಗೆ ಜಾಮಿನಲ್ಲಿ ಅವನ ಕಾರು ನಿಂತಿತ್ತು. ತಡೆಯಲಾಗದೆ ಕಿಟಕಿ ತಟ್ಟಿದೆ. ಗಾಜು ಇಳಿಯಿತು. ನಮ್ಮಿಬ್ಬರ ನಡುವೆ ನಾನು ಬಿಟ್ಟು ಎದ್ದಿದ್ದ ಸೀಟು ಖಾಲಿ ಇತ್ತು.

"ಏನ್ ಸಾಹೇಬ್ರೇ, ಇಲ್ಲೇ ಬೇರು ಬಿಟ್ರಾ?"

"ಕಾಲೆಳೀಬೇಡ ಮಾರಾಯ್ತಿ," ಎಂದು ನಕ್ಕ. ಹಾರನ್ ಮೇಲಿನ ಕೈ ತೆಗೆದ. "ಚ್ಯಾವ್‌ಯುನ್, ಇವತ್ತೇ ಕೊನೆ. ನಾಳೆಯಿಂದ ಕಾರ್ಖಾನೆ ಊರಾಚೆ, ಮನೇನೂ ಅಲ್ಲೇ. ಇನ್ನು ಈ ದಾರಿಗೆ ಬರಲ್ಲ. ನಂಗೆ ಸೋಂಪಿನ ಸೊಪ್ಪಿನ ಕಡುಬು ಬಿಟ್ರೆ ಬೇರೆ ಅಡುಗೆ ಬರಲ್ಲ. ಅಡ್ಡಿಯಿಲ್ಲ ಅಂದ್ರೆ ನೀನೂ ಬಂದ್ಬಿಡು. ಮದ್ವೆ ಆಗೋಣ."

ನಾನು ಬಾಯಿ ತೆರೆಯುವಷ್ಟರಲ್ಲಿ, ಎಂದೂ ಬಿಡದ ಜಾಮ್ ಬಿಟ್ಟುಬಿಟ್ಟಿತು! ಹಿಂದಿನವರೆಲ್ಲ ಹಾರನ್ ಒತ್ತಿ ಒತ್ತಿ ಅವನನ್ನು ಮುಂದೆ ಓಡಿಸಿಕೊಂಡು ಹೋದರು.

"ಹೂಂ, ಬರ್ತೀನಿ ಕಣೋ!" ಎಂದು ಕೂಗಿದೆ. ಅವನ ಕಾರು ಆಗಲೇ ದೂರವಾಗಿತ್ತು.

ಎದ್ದು ನಿಂತು ಪೆಡಲ್ ತುಳಿದೆ. ಸುತ್ತ ಇದ್ದವರೆಲ್ಲ ಹಸಿರು ದೀಪಕ್ಕೆ ಹಂಬಲಿಸುತ್ತಿದ್ದರು. ನಾನೊಬ್ಬಳು ಮುಂದಿನ ದೀಪ ಕೆಂಪಾಗಲೆಂದು ಬೇಡಿಕೊಳ್ಳುತ್ತಾ ತುಳಿಯುತ್ತಿದ್ದೆ.